ಹೊಸ ಗುಂಡಿ, ಹಳೇ ಕೈ

ಕೆಳಗಿನ ದಿಕ್ಕಿನ ಬಟನ್ನು, ಮೇಲಿನ ದಿಕ್ಕಿನ ಬಟನ್ನು ಎರಡನ್ನೂ ಒಟ್ಟಿಗೇ ಒತ್ತಿದರೆ ಏನಾಗಬೇಕು?

ಒಗಟು ಅಂದುಕೊಳ್ಳಬೇಡಿ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 2023ರಲ್ಲಿ ತನ್ನ ಸ್ಟ್ರೀಟ್ ಫೈಟರ್ ಪಂದ್ಯಾವಳಿಯ ನಿಯಮಗಳಲ್ಲಿ ಈ ಪ್ರಶ್ನೆಗೆ ಉತ್ತರ ಬರೆಯಿತು. ಏನೂ ಆಗಬಾರದು, ಎರಡೂ ಒಂದನ್ನೊಂದು ಹೊಡೆದುಹಾಕಿ ಸೊನ್ನೆಯಾಗಬೇಕು ಅಂತ. ಅಲ್ಲಿಯವರೆಗೆ ಒಂದು ಜಾತಿಯ ಕಂಟ್ರೋಲರ್‌ಗಳಲ್ಲಿ ಹಾಗೆ ಒತ್ತಿದರೆ 'ಮೇಲೆ' ಗೆಲ್ಲುತ್ತಿತ್ತು. ಅದನ್ನೇ ನಂಬಿ ವರ್ಷಗಟ್ಟಲೆ ಕೈ ಪಳಗಿಸಿಕೊಂಡ ಆಟಗಾರರಿದ್ದರು. ಆ ವರ್ಷದ ಪಂದ್ಯಾವಳಿಯ ಕೊನೆಯ ಹಂತದಲ್ಲಿ ಗೆದ್ದವರಿಗೆ ಬಹುಮಾನ ಹತ್ತು ಲಕ್ಷ ಡಾಲರ್. ಹೊರಗಿನಿಂದ ನೋಡುವವರಿಗೆ ಇದು ಸಾಫ್ಟ್‌ವೇರ್‌ನಲ್ಲಿ ಒಂದು ಇಫ್-ಎಲ್ಸ್ ಬದಲಾವಣೆ. ಆಡುವವರ ಎಡಗೈಗೆ ಮಾತ್ರ ಇದು ನಡಿಗೆಯನ್ನೇ ಮತ್ತೆ ಕಲಿತಂತೆ.

ಈ ಆಟಗಳ ಚರಿತ್ರೆಯನ್ನು ಸಾಮಾನ್ಯವಾಗಿ ಪಾತ್ರಗಳ, ಚಿತ್ರಗಳ, ಕಂಪನಿಗಳ ಕಥೆಯಾಗಿ ಹೇಳುತ್ತಾರೆ. ನನಗೆ ಅನ್ನಿಸೋದು, ಇದನ್ನು ಕೈಗಳ ಕಥೆಯಾಗಿ ಹೇಳಿದರೆ ಹೆಚ್ಚು ಅರ್ಥವಾಗುತ್ತದೆ ಅಂತ. ಪ್ರತಿ ಹತ್ತು ವರ್ಷಕ್ಕೊಮ್ಮೆ ಯಾರೋ ಒಬ್ಬರು ಗುಂಡಿಗಳ ಜಾಗ ಬದಲಿಸಿದ್ದಾರೆ (ಬಟನ್ ಗುಂಡಿ ಸ್ವಾಮಿ, ಬೆಂಗಳೂರಿನ ರಸ್ತೆ ಗುಂಡಿ ಅಲ್ಲ). ಪ್ರತಿ ಸಲವೂ ಕೆಲವರ ಕೈ ಬೆಲೆ ಕಳೆದುಕೊಂಡಿದೆ, ಇನ್ನು ಕೆಲವರಿಗೆ ಬಾಗಿಲು ತೆರೆದಿದೆ.

ಮೊದಲಿಂದ ಶುರು ಮಾಡೋಣ. 1987ರಲ್ಲಿ ಕ್ಯಾಪ್‌ಕಾಮ್ ಮೊದಲ ಸ್ಟ್ರೀಟ್ ಫೈಟರ್ ಹೊರತಂದಾಗ ಅದರ ದೊಡ್ಡ ಯಂತ್ರದಲ್ಲಿ ಆರು ಬಟನ್ ಇರಲಿಲ್ಲ. ಒಂದು ಕೋಲು, ಅದರ ಪಕ್ಕದಲ್ಲಿ ಎರಡು ದಪ್ಪ ರಬ್ಬರ್ ಗುಬುಟುಗಳು, ಅಷ್ಟೇ. ಒಂದು ಗುದ್ದಿಗೆ, ಒಂದು ಒದೆಗೆ. ನೀವು ಎಷ್ಟು ಜೋರಾಗಿ ಗುದ್ದುತ್ತೀರೋ ಪರದೆಯ ಮೇಲಿನವನೂ ಅಷ್ಟೇ ಜೋರಾಗಿ ಗುದ್ದುತ್ತಾನೆ! ತಕಾಶಿ ನಿಶಿಯಾಮಾ ನಿರ್ದೇಶಿಸಿದ ಆಟ ಅದು. ಕಾಗದದ ಮೇಲೆ ಎಷ್ಟು ಚೆಂದದ ಕಲ್ಪನೆ ಅಲ್ವಾ? ಅಂಗಡಿಯಲ್ಲಿ ಇಟ್ಟ ಮೇಲೆ ಆಡುವವರ ಕೈ ನೋಯುತ್ತಿತ್ತು, ಯಂತ್ರವೂ ಏಟು ತಿಂದು ತಿಂದು ಸೊರಗುತ್ತಿತ್ತು. ಹಾಗಾಗಿ ಗುಬುಟಿನ ಬದಲು ಆರು ಸಾಮಾನ್ಯ ಬಟನ್‌ಗಳ ಯಂತ್ರ ಬಂತು: ಮೆಲ್ಲನೆ, ನಡುವಿನದು, ಜೋರು ಎಂದು ಮೂರು ಗುದ್ದು, ಮೂರು ಒದೆ. ಬಲವನ್ನು ತೋಳಿನಿಂದ ತೆಗೆದು ಬೆರಳಿನ ಆಯ್ಕೆಗೆ ಒಪ್ಪಿಸಿದ್ದು ಆಗಲೇ. ನಾಲ್ಕು ದಶಕದ ಒಂದು ವ್ಯಾಯಾಮದ ಬುನಾದಿ ಬಿದ್ದದ್ದು ಒಂದು ರಿಪೇರಿಯಿಂದ ಅಂದರೆ ನಂಬಲೇಬೇಕು.

1991ರಲ್ಲಿ ಬಂದ ಸ್ಟ್ರೀಟ್ ಫೈಟರ್ 2 ಈ ಆರು ಬಟನ್‌ಗಳನ್ನು ಉಳಿಸಿಕೊಂಡಿತು. ಮೊದಲ ಆಟದಲ್ಲಿ ವಿಶೇಷ ಹೊಡೆತಗಳು ಗುಟ್ಟಿನ ವಿದ್ಯೆಯಂತೆ ಅಡಗಿದ್ದವು, ಮಾಡುವುದೂ ಬಹಳ ಕಷ್ಟ. ಎರಡನೆಯದರಲ್ಲಿ ಅವು ಎಲ್ಲರ ಕೈಗೆಟುಕಿದವು. ರ್ಯೂ ಎಂಬ ಪಾತ್ರ ಅಂಗೈಯಿಂದ ಬೆಂಕಿಯುಂಡೆಯಂಥದ್ದನ್ನು ಎಸೆಯುತ್ತಾನಲ್ಲ, ಹಾದೊಕೆನ್, ಅದಕ್ಕೆ ಕೋಲನ್ನು ಕೆಳಗೆ, ಕೆಳಗೆ-ಮುಂದೆ, ಮುಂದೆ ಅಂತ ಕಾಲು ಚಕ್ರ ತಿರುಗಿಸಿ ಗುದ್ದಿನ ಬಟನ್ ಒತ್ತಬೇಕು. ಹಾರಿ ಬರುವವನನ್ನು ಕೆಳಗಿನಿಂದ ಮೇಲಕ್ಕೆ ಗುದ್ದುವ ಶೋರ್ಯುಕೆನ್‌ಗೆ ಮುಂದೆ, ಕೆಳಗೆ, ಕೆಳಗೆ-ಮುಂದೆ. ಇದನ್ನು ಬರೆದುಕೊಳ್ಳಲು ಜಪಾನಿನ ಆಟಗಾರರು ಸೊಗಸಾದ ಲಿಪಿಯೊಂದನ್ನು ಬಳಸುತ್ತಾರೆ. ಕಂಪ್ಯೂಟರ್ ಕೀಲಿಮಣೆಯ ಬಲಗಡೆಯ ಅಂಕಿಗಳನ್ನು ನೋಡಿ: 5 ನಡುವೆ, 2 ಕೆಳಗೆ, 6 ಬಲಕ್ಕೆ, 3 ಓರೆಯಲ್ಲಿ. ಹಾದೊಕೆನ್ ಅಂದರೆ 236. ಶೋರ್ಯುಕೆನ್ 623. (ಮೊಬೈಲಿನ ಅಂಕಿಗಳನ್ನು ನೋಡಿ ಪ್ರಯತ್ನಿಸಬೇಡಿ, ಅದರಲ್ಲಿ 1-2-3 ಮೇಲಿರುತ್ತವೆ, ಎಲ್ಲ ತಲೆಕೆಳಗು. ಅದೇ ಒಂದು ಬೇರೆ ಕಥೆ.)

ಎದುರಾಳಿಯನ್ನು ದಾಟಿ ಆಚೆ ಬದಿಗೆ ಹೋದರೆ ಇದೆಲ್ಲ ಕನ್ನಡಿಯಂತೆ ತಿರುಗುತ್ತದೆ. ಬಲಕ್ಕೆ 236 ಆಗಿದ್ದದ್ದು ಎಡಕ್ಕೆ 214. ಹಾಗಾಗಿ ಪ್ರತಿ ಹೊಡೆತವನ್ನೂ ಕೈ ಎರಡೆರಡು ಸಲ ಕಲಿಯಬೇಕು. ಬಹಳ ವರ್ಷ ಆಡಿದವರಿಗೂ ಒಂದು ಬದಿ ಚೆನ್ನಾಗಿ ಕುದುರಿರುತ್ತದೆ, ಇನ್ನೊಂದು ಬದಿ ಸ್ವಲ್ಪ ತಡವರಿಸುತ್ತದೆ.

ಇಲ್ಲಿ ಒಂದು ಲೆಕ್ಕ ಹಾಕೋಣ. ಈ ಆಟಗಳು ಸೆಕೆಂಡಿಗೆ 60 ಚಿತ್ರಗಳಂತೆ ಓಡುತ್ತವೆ. ಒಂದು ಚಿತ್ರಕ್ಕೆ, ಆಡುವವರ ಭಾಷೆಯಲ್ಲಿ ಒಂದು ಫ್ರೇಮಿಗೆ, ಸುಮಾರು 16.7 ಮಿಲಿಸೆಕೆಂಡು. ಕಣ್ಣಿಗೆ ಕಂಡದ್ದಕ್ಕೆ ಬೆರಳು ಉತ್ತರ ಕೊಡಲು ಸಾಮಾನ್ಯ ಮನುಷ್ಯನಿಗೆ 200ರಿಂದ 250 ಮಿಲಿಸೆಕೆಂಡು ಬೇಕು, ಅಂದರೆ 12ರಿಂದ 15 ಫ್ರೇಮು. ಎದುರಾಳಿ ಹಾರಿ ನಿಮ್ಮ ಮೇಲೆ ಬೀಳುವುದಕ್ಕೆ ಹೆಚ್ಚೆಂದರೆ ಮುಕ್ಕಾಲು ಸೆಕೆಂಡು. ಅಷ್ಟರಲ್ಲಿ ಅವನು ಹಾರಿದ್ದನ್ನು ನೋಡಬೇಕು, ಅದು ಹಾರಾಟವೇ ಎಂದು ಗುರುತಿಸಬೇಕು, 623 ತಿರುಗಿಸಿ ಬಟನ್ ಒತ್ತಬೇಕು. 'ಮೊದಲು ಮುಂದೆ, ಆಮೇಲೆ ಕೆಳಗೆ' ಅಂತ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಕೂತರೆ ಅಷ್ಟರಲ್ಲಿ ಒದೆ ತಿಂದಾಗಿರುತ್ತದೆ. ಯೋಚನೆಯ ಪಾಲಿಗೆ ಇಲ್ಲಿ ಸಮಯವೇ ಇಲ್ಲ, ಕೈಗೆ ತಾನಾಗಿಯೇ ಗೊತ್ತಿರಬೇಕು. ಇದನ್ನೇ ಇಂಗ್ಲಿಷಿನವರು ಮಸಲ್ ಮೆಮರಿ ಅನ್ನುವುದು. ಹೆಸರು ಮೋಸದ್ದು, ಸ್ನಾಯುವಿಗೆ ನೆನಪಿಲ್ಲ. ನೆನಪಿರುವುದು ಮೆದುಳಿನಲ್ಲೇ, ಆದರೆ ನಾವು ನೆನಪು ಎಂದು ಕರೆಯುವ ಜಾಗದಲ್ಲಲ್ಲ.

ಇದು ಗೊತ್ತಾದದ್ದು ಒಬ್ಬ ದುರದೃಷ್ಟವಂತನಿಂದ. ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ 1953ರಲ್ಲಿ ಮೂರ್ಛೆರೋಗ ನಿಲ್ಲಿಸಲು ಮೆದುಳಿನ ಶಸ್ತ್ರಚಿಕಿತ್ಸೆ ಮಾಡಿದರು. ಅದಾದ ಮೇಲೆ ಅವನಿಗೆ ಹೊಸದಾಗಿ ಏನೂ ನೆನಪಿನಲ್ಲಿ ಉಳಿಯಲಿಲ್ಲ. ಈಗ ಕಂಡವರನ್ನು ಸ್ವಲ್ಪ ಹೊತ್ತಿಗೆ ಮರೆಯುತ್ತಿದ್ದ. ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಅವನ ಮುಂದೆ ಒಂದು ನಕ್ಷತ್ರದ ಚಿತ್ರ ಇಟ್ಟು, ಕೈಯನ್ನು ನೇರ ನೋಡದೆ ಕನ್ನಡಿಯಲ್ಲಿ ಮಾತ್ರ ನೋಡುತ್ತಾ ಅದರ ಅಂಚನ್ನು ತಿದ್ದಲು ಹೇಳಿದರು. ಕನ್ನಡಿಯಲ್ಲಿ ದಿಕ್ಕು ತಿರುಗುತ್ತದೆ, ಯಾರಿಗಾದರೂ ಮೊದಲ ಸಲ ಕೈ ಅಡ್ಡಾದಿಡ್ಡಿ ಹೋಗುತ್ತದೆ. ಮೂರು ದಿನ ಇದೇ ಕೆಲಸ. ಪ್ರತಿ ದಿನವೂ ಆತನಿಗೆ ಇದು ಹೊಚ್ಚ ಹೊಸದು, ಹಿಂದೆ ಮಾಡಿದ ನೆನಪೇ ಇಲ್ಲ. ಆದರೆ ಕೈ ಮಾತ್ರ ದಿನದಿಂದ ದಿನಕ್ಕೆ ಸರಾಗವಾಗುತ್ತಾ ಹೋಯಿತು! ಮಿಲ್ನರ್ ಇದನ್ನು 1962ರಲ್ಲಿ ಪ್ರಕಟಿಸಿದರು. 'ನನಗೆ ಗೊತ್ತು' ಎಂಬುದೂ 'ನನ್ನ ಕೈಗೆ ಗೊತ್ತು' ಎಂಬುದೂ ಬೇರೆ ಬೇರೆ ಖಾತೆಗಳು ಅಂತ ಆಗ ಗಟ್ಟಿಯಾಗಿ ತಿಳಿಯಿತು.

ಹೊಸ ನಿಯಮವನ್ನು ಓದಿದ ಮಾತ್ರಕ್ಕೆ ಕೈ ಬದಲಾಗದಿರುವುದಕ್ಕೆ ಕಾರಣ ಇದೇ. ಓದಿದ್ದು ಒಂದು ಖಾತೆಗೆ ಜಮಾ, ಒತ್ತುವುದು ಇನ್ನೊಂದರಿಂದ.

ಮತ್ತೆ ಆಟಕ್ಕೆ ಬರೋಣ. ಸ್ಟ್ರೀಟ್ ಫೈಟರ್ 2 ಗೆದ್ದ ಮೇಲೆ ಎಲ್ಲರೂ ಅದೇ ದಾರಿ ಹಿಡಿದರು, ಆದರೆ ಯಾರೂ ಅದೇ ಬಟನ್ ಇಡಲಿಲ್ಲ. ಅಮೆರಿಕದ ಮಿಡ್‌ವೇ ಕಂಪನಿಯ ಮೋರ್ಟಲ್ ಕಾಂಬ್ಯಾಟ್ (1992) ಐದು ಬಟನ್‌ಗಳದ್ದು. ಅದರಲ್ಲಿ ಏಟು ತಡೆಯುವುದಕ್ಕೇ ಒಂದು ಬಟನ್. ಸ್ಟ್ರೀಟ್ ಫೈಟರ್‌ನಲ್ಲಿ ಹಾಗಲ್ಲ, ಕೋಲನ್ನು ಹಿಂದಕ್ಕೆ ಎಳೆದರೆ ತಡೆ. ಅಲ್ಲಿಂದ ಇಲ್ಲಿಗೆ ಬಂದವರ ಪಾಡು ಊಹಿಸಿ. ಹೆದರಿಕೆಯಾದಾಗ ಕೈ ತಾನಾಗಿ ಹಿಂದಕ್ಕೆ ಎಳೆಯುತ್ತದೆ, ಪಾತ್ರ ಸುಮ್ಮನೆ ಹಿಂದಕ್ಕೆ ನಡೆಯುತ್ತಾ ಏಟು ತಿನ್ನುತ್ತದೆ. ಸೆಗಾದ ವರ್ಚುವಾ ಫೈಟರ್ (1993) ಮೂರೇ ಬಟನ್: ಗುದ್ದು, ಒದೆ, ತಡೆ. ನಾಮ್ಕೋದ ಟೆಕ್ಕೆನ್ (1994) ಇನ್ನೂ ಬೇರೆ ತರ್ಕ ಹಿಡಿಯಿತು. ಎಡಗೈ, ಬಲಗೈ, ಎಡಗಾಲು, ಬಲಗಾಲು, ಒಂದೊಂದಕ್ಕೆ ಒಂದೊಂದು ಬಟನ್. ನನ್ನ ಪ್ರಕಾರ ಇವೆಲ್ಲದರಲ್ಲಿ ಬುದ್ಧಿವಂತಿಕೆಯದ್ದು ಇದೇ. ಹೊಸಬನಿಗೆ ಹತ್ತು ನಿಮಿಷದಲ್ಲಿ ಹೇಳಿಕೊಡಬಹುದು.

ಟೆಕ್ಕೆನ್ ಅಂದಾಗ ನಮ್ಮ ಹಾಸ್ಟೆಲ್ ನೆನಪಾಗುತ್ತದೆ. ಕಂಟ್ರೋಲರ್ ಕೊಳ್ಳಲು ದುಡ್ಡೆಲ್ಲಿತ್ತು? ಟೆಕ್ಕೆನ್ 3 ಎಮ್ಯುಲೇಟರ್‌ನಲ್ಲಿ, ಒಂದೇ ಕೀಬೋರ್ಡಿನ ಎಡಕ್ಕೆ ಒಬ್ಬ, ಬಲಕ್ಕೆ ಇನ್ನೊಬ್ಬ, ಭುಜಕ್ಕೆ ಭುಜ ಒತ್ತಿ ಕೂತು ಆಟ. ಇಬ್ಬರೂ ಒಟ್ಟಿಗೆ ಮೂರ್ನಾಲ್ಕು ಕೀ ಒತ್ತಿದರೆ ಒಂದು ಕೀ ಸುಮ್ಮನೆ ಮಾಯ! 'ಮೋಸ ಕಣೋ' ಅಂತ ಜಗಳ. ಅಗ್ಗದ ಕೀಬೋರ್ಡುಗಳ ಒಳಗೆ ಕೀಗಳಿಗೆ ಪ್ರತ್ಯೇಕ ತಂತಿ ಇರುವುದಿಲ್ಲ, ಅಡ್ಡ ಉದ್ದ ಸಾಲುಗಳ ಜಾಲರಿ ಇರುತ್ತದೆ. ಕೆಲವು ಮೂರು ಕೀಗಳ ಜೋಡಣೆ ಒತ್ತಿದಾಗ ಯಾವುದು ಒತ್ತಿದೆ ಎಂದು ಅದಕ್ಕೆ ಖಚಿತವಾಗದೆ ಒಂದನ್ನು ಬಿಟ್ಟುಬಿಡುತ್ತದೆ. ಪ್ರತಿ ಯಂತ್ರಕ್ಕೂ ಅದರದ್ದೇ ಒಂದು ಅಭಿಪ್ರಾಯ ಇರುತ್ತದೆ, ಅದಕ್ಕೆ ತಕ್ಕಂತೆ ಕೈ ಬಾಗುತ್ತದೆ. ನಮ್ಮಲ್ಲಿ ಎಡಬದಿಯವನು ಯಾವ ಹೊಡೆತಗಳನ್ನು ಕಲಿತ ಅನ್ನುವುದನ್ನು ನಿರ್ಧರಿಸಿದ್ದು ಆ ಜಾಲರಿ.

ಮನೆಗೆ ಬಂದ ಆಟಗಳದ್ದು ಇನ್ನೊಂದು ರಗಳೆ. 1992ರಲ್ಲಿ ಸ್ಟ್ರೀಟ್ ಫೈಟರ್ 2 ನಿಂಟೆಂಡೊದ ಸೂಪರ್ ಫ್ಯಾಮಿಕಾಮ್‌ಗೆ ಬಂತು. ಅದರ ಕೈಪೆಟ್ಟಿಗೆಯಲ್ಲಿ ಅದೃಷ್ಟಕ್ಕೆ ಆರು ಬಟನ್ ಇದ್ದವು, ಆದರೆ ನಾಲ್ಕು ಮೇಲೆ, ಎರಡು ಭುಜದ ಮೇಲೆ. ಅಂಗಡಿಯಲ್ಲಿ ಮೂರು ಬೆರಳಿನಿಂದ ಒತ್ತುತ್ತಿದ್ದವರು ಮನೆಯಲ್ಲಿ ಒಂದು ಹೆಬ್ಬೆರಳಿನಿಂದ ಒತ್ತಬೇಕಾಯಿತು. ಸೆಗಾದ ಮೆಗಾ ಡ್ರೈವ್‌ಗೆ ಇದ್ದದ್ದು ಮೂರೇ ಬಟನ್. 1993ರಲ್ಲಿ ಆಟ ಅದಕ್ಕೆ ಬಂದಾಗ ಹಳೇ ಪೆಟ್ಟಿಗೆಯವರು ಸ್ಟಾರ್ಟ್ ಒತ್ತಿ ಗುದ್ದಿನಿಂದ ಒದೆಗೆ, ಮತ್ತೆ ಒತ್ತಿ ಒದೆಯಿಂದ ಗುದ್ದಿಗೆ ಬದಲಿಸಿಕೊಳ್ಳಬೇಕಿತ್ತು. ಹೊಡೆದಾಟದ ನಡುವೆ! ಒಂದು ಆಟಕ್ಕೋಸ್ಕರ ಸೆಗಾ ಆರು ಬಟನ್‌ಗಳ ಹೊಸ ಪೆಟ್ಟಿಗೆಯನ್ನೇ ಮಾರುಕಟ್ಟೆಗೆ ಬಿಟ್ಟಿತು.

ಹೀಗೆ ತೊಂಬತ್ತರ ದಶಕದ ಕೊನೆಗೆ ಎರಡು ಜನಾಂಗ ಆದವು, ಹೆಬ್ಬೆರಳಿನವರು ಮತ್ತು ಕೋಲಿನವರು. ಕೋಲಿನವರಲ್ಲೂ ಪಂಗಡಗಳು. ಜಪಾನಿನ ಸಾನ್ವಾ, ಸೈಮಿತ್ಸು ಕಂಪನಿಗಳ ಕೋಲಿಗೆ ತುದಿಯಲ್ಲಿ ಗೋಲಿಯಂಥ ಗುಂಡು, ಒಳಗೆ ಸ್ಪ್ರಿಂಗು, ಕೆಳಗೆ ಚೌಕದ ಕಿಂಡಿ. ಮುಟ್ಟಿದರೆ ಸಾಕು ಒತ್ತಿಕೊಳ್ಳುವ ಬಟನ್. ಅಮೆರಿಕದ ಹ್ಯಾಪ್ ಕೋಲು ಬೇಸ್‌ಬಾಲ್ ಬ್ಯಾಟಿನ ಆಕಾರದ್ದು, ದೂರ ತಳ್ಳಬೇಕು, ಬಟನ್ನೂ ಆಳಕ್ಕೆ ಒತ್ತಬೇಕು. ಕೊರಿಯಾದ ಕೋಲಿನಲ್ಲಿ ಸ್ಪ್ರಿಂಗಿನ ಬದಲು ರಬ್ಬರ್, ಬಿಟ್ಟ ತಕ್ಷಣ ಚಿಮ್ಮಿ ನಡುವಿಗೆ ಬರುತ್ತದೆ. ಟೆಕ್ಕೆನ್‌ಗೆ ಅದೇ ಚೆನ್ನ ಅನ್ನುವವರು ಬಹಳ. ಚೌಕದ ಕಿಂಡಿಯಲ್ಲಿ ಓರೆ ದಿಕ್ಕಿಗೆ ಮೂಲೆ ಸಿಗುತ್ತದೆ, ಕೈ ಆ ಮೂಲೆಯನ್ನು ತಡವಿ ದಾರಿ ಹಿಡಿಯುತ್ತದೆ. ಮೂಲೆ ಇಲ್ಲದ ಕೊರಿಯಾದ ಕೋಲು ಹಿಡಿದರೆ ಕತ್ತಲಲ್ಲಿ ಗೋಡೆ ಹುಡುಕಿದ ಹಾಗೆ.

ಈ ಪಂಗಡಗಳು ಎದುರುಬದುರಾದದ್ದು 2004ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ 1996ರಲ್ಲಿ 'ಬ್ಯಾಟಲ್ ಬೈ ದ ಬೇ' ಎಂಬ ಹೆಸರಿನಲ್ಲಿ ಶುರುವಾಗಿ 2002ರಿಂದ ಇವೊ ಎಂದು ಕರೆಸಿಕೊಂಡ ಪಂದ್ಯಾವಳಿ ಆ ವರ್ಷ ಅಂಗಡಿ ಯಂತ್ರಗಳನ್ನು ಬಿಟ್ಟು ಮನೆಯ ಕನ್ಸೋಲ್‌ಗಳಿಗೆ ಬದಲಾಯಿತು. ಅಮೆರಿಕದಲ್ಲಿ ಆಟದ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ, ಬೇರೆ ದಾರಿಯಿರಲಿಲ್ಲ. ಅದಕ್ಕೆ ಕೂಗಾಡಿದವರು ಕಡಿಮೆಯೇನಲ್ಲ. ಯಂತ್ರ ಎಲ್ಲರಿಗೂ ಒಂದೇ, ಅದರ ಮುಂದೆ ನಿಂತು ಆಡುವುದೇ ಆಟ ಅಂತ ಅವರ ವಾದ. ಆದರೆ ಬದಲಾವಣೆಯ ನಿಜವಾದ ಅರ್ಥ ಬೇರೆ ಇತ್ತು. ಇನ್ನು ಮುಂದೆ ಪ್ರತಿಯೊಬ್ಬರೂ ತಮ್ಮ ಕೈಗೊಪ್ಪುವ ಸಾಧನವನ್ನು ಮನೆಯಿಂದ ತರಬಹುದು, ಬಟನ್‌ಗಳನ್ನು ತಮಗೆ ಬೇಕಾದ ಹಾಗೆ ಹೊಂದಿಸಿಕೊಳ್ಳಬಹುದು. ಅದೇ 2004ರ ಇವೊದಲ್ಲೇ ದೈಗೊ ಉಮೆಹಾರಾ ಕೊನೆಯ ಎಳೆ ಜೀವ ಇಟ್ಟುಕೊಂಡು ಜಸ್ಟಿನ್ ವಾಂಗ್‌ನ ಚುನ್-ಲೀ ಒದ್ದ ಸರಣಿ ಒದೆಗಳಲ್ಲಿ ಹದಿನೈದನ್ನು ಒಂದೊಂದಾಗಿ ತಡೆದು ತಿರುಗಿ ಗೆದ್ದದ್ದು. ನೀವು ಈ ಆಟಗಳನ್ನು ಆಡದಿದ್ದರೂ ಆ ವಿಡಿಯೋ ನೋಡಿ, ಅಲ್ಲಿ ಕೂತವರ ಕಿರುಚಾಟ ಕೇಳಿದರೆ ಸಾಕು. ಒಂದೊಂದು ತಡೆಗೂ ಕೋಲನ್ನು ಸರಿಯಾದ ಗಳಿಗೆಯಲ್ಲಿ ಮುಂದಕ್ಕೆ ತಟ್ಟಬೇಕು. ಹಿಂದಕ್ಕಲ್ಲ, ಮುಂದಕ್ಕೆ! ಏಟು ಬರುವಾಗ ಹಿಂದಕ್ಕೆ ಎಳೆಯುವ ಎಲ್ಲ ಹಳೇ ಅಭ್ಯಾಸವನ್ನೂ ಮೀರಿ ಮಾಡುವ ಕೆಲಸ.

ಹತ್ತು ವರ್ಷದ ನಂತರ, 2014ರ ಇವೊದಲ್ಲಿ, ಫ್ರಾನ್ಸಿನ ಲೂಫಿ ಎಂಬ ಆಟಗಾರ ಮೊದಲ ಪ್ಲೇಸ್ಟೇಷನ್ನಿನ ಹಳೇ ಕೈಪೆಟ್ಟಿಗೆ ಹಿಡಿದು ಅಲ್ಟ್ರಾ ಸ್ಟ್ರೀಟ್ ಫೈಟರ್ 4 ಗೆದ್ದ. ಕೋಲು ಇಲ್ಲದೆ ಗೆಲ್ಲೋಕಾಗಲ್ಲ ಅನ್ನುತ್ತಿದ್ದವರು ಸುಮ್ಮನಾದರು. ಅವನು ಹೊಸ ಪೆಟ್ಟಿಗೆ ಕೊಳ್ಳದೆ ಹಳೆಯದನ್ನು ಹೊಸ ಯಂತ್ರಕ್ಕೆ ಜೋಡಿಸಿಕೊಂಡದ್ದೇ ನನಗೆ ಇಷ್ಟವಾದ ವಿಷಯ. ಕೈ ಬದಲಿಸುವುದಕ್ಕಿಂತ ತಂತಿ ಬದಲಿಸುವುದು ಸುಲಭ :-)

ಕೈ ಬದಲಿಸುವುದು ಎಷ್ಟು ಕಷ್ಟ ಅನ್ನುವುದಕ್ಕೆ ಆಟವೇ ಬೇಕಿಲ್ಲ. ಹಳೇ ಬುಲೆಟ್ ಓಡಿಸಿದವರನ್ನು ಕೇಳಿ. ಅದರಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಬೇರೆ ಬೈಕುಗಳಲ್ಲಿ ಉಲ್ಟಾ. ನಮ್ಮ ದೊಡ್ಡಪ್ಪ ಹೊಸ ಬೈಕ್ ಕೊಂಡ ಮೇಲೆ ಬಹಳ ದಿನ ಊರೊಳಗಿನ ಗಲ್ಲಿಯಲ್ಲೇ ಸುತ್ತುತ್ತಿದ್ದರು. 'ತಲೆಗೆ ಗೊತ್ತು ಕಣಪ್ಪಾ, ದನ ಅಡ್ಡ ಬಂದಾಗ ಕಾಲಿಗೆ ಗೊತ್ತಿರಬೇಕಲ್ಲ' ಅನ್ನುತ್ತಿದ್ದರು.

ಕನ್ನಡ ಟೈಪ್ ಮಾಡುವ ನಮಗಂತೂ ಇದು ಮನೆಯ ಮಾತು. ನುಡಿಯಲ್ಲಿರುವ ಕೆ. ಪಿ. ರಾವ್ ವಿನ್ಯಾಸದಲ್ಲಿ ಕಲಿತವರಿಗೆ ಒತ್ತಕ್ಷರ ಬೇಕಾದರೆ ಬೆರಳು 'ಎಫ್' ಕೀಗೆ ಹೋಗುತ್ತದೆ. ಅದೇ ಮನುಷ್ಯ ಇನ್‌ಸ್ಕ್ರಿಪ್ಟಿಗೆ ಬದಲಾದರೆ ಒತ್ತಿನ ಕೀ ಒಂದು ಮನೆ ಎಡಕ್ಕೆ, 'ಡಿ'ಗೆ ಸರಿದಿರುತ್ತದೆ. 'ಎಫ್' ಒತ್ತಿದರೆ ಗುಡಿಸು. 'ಅಕ್ಕ' ಎಂದು ಬರೆಯಹೊರಟರೆ 'ಅಕಿಕ' ಆಗುತ್ತದೆ! ಬರಹದಲ್ಲಿ ಇಂಗ್ಲಿಷ್ ಅಕ್ಷರದ ಉಚ್ಚಾರಣೆಯಲ್ಲಿ ಟೈಪ್ ಮಾಡಿ ರೂಢಿಯಾದವರಿಗೆ ಇವೆರಡೂ ಪರದೇಶ. ಒಂದೊಂದು ಪಂಗಡದವರೂ ತಮ್ಮದೇ ಅತ್ಯಂತ ವೈಜ್ಞಾನಿಕ ಎಂದು ವಾದಿಸುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ವಾದ ಅವರ ಬೆರಳಿನದ್ದು ಅಂತ ನನ್ನ ಗುಮಾನಿ.

ಹೀಗೆ ಹಳೆಯದು ಹೊಸದಕ್ಕೆ ಅಡ್ಡಬರುವುದರ ಬಗ್ಗೆ 1996ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಬ್ರಾಷರ್ಸ್-ಕ್ರುಗ್, ಶದ್‌ಮೆಹರ್, ಬಿಜ್ಜಿ ಎಂಬ ಮೂವರದ್ದು. ಜನರ ಕೈಗೆ ರೋಬೋಟಿನ ಹಿಡಿಯೊಂದನ್ನು ಕೊಟ್ಟು, ಅದು ಕೈಯನ್ನು ಒಂದು ಕಡೆಗೆ ತಳ್ಳುತ್ತಿರುವಾಗಲೇ ನೇರ ಗೆರೆಯಲ್ಲಿ ಚಲಿಸಲು ಕಲಿಸಿದರು. ಆಮೇಲೆ ತಳ್ಳುವ ದಿಕ್ಕನ್ನು ಉಲ್ಟಾ ಮಾಡಿ ಎರಡನೇ ಪಾಠ. ಎರಡನೆಯದನ್ನು ಬೆನ್ನಿಗೇ ಕಲಿತವರಲ್ಲಿ ಮೊದಲನೆಯದು ಅಳಿಸಿಹೋಯಿತು. ನಾಲ್ಕು ಗಂಟೆ ಬಿಡುವು ಕೊಟ್ಟು ಕಲಿತವರಲ್ಲಿ ಮೊದಲನೆಯದು ಉಳಿಯಿತು. ಕಾಂಕ್ರೀಟಿಗೆ ನೀರು ಹಾಕಿ ಬಿಡುತ್ತಾರಲ್ಲ, ಹಾಗೆ ಕೈ ಕಲಿತದ್ದೂ ಗಟ್ಟಿಯಾಗಲು ಹೊತ್ತು ಬೇಡುತ್ತದೆ. ಒಂದೇ ಕೂತಲ್ಲಿ ಹಳೇ ಹೊಂದಾಣಿಕೆಯನ್ನೂ ಹೊಸತನ್ನೂ ಅದಲುಬದಲಾಗಿ ಆಡಿ ನೋಡುವವರಿಗೆ ಎರಡೂ ಕೈಗೆ ಹತ್ತದೇ ಇರುವುದಕ್ಕೆ ಇದೇ ಕಾರಣವಿರಬೇಕು ಅಂತ ನಾನು ಅಂದುಕೊಂಡಿದ್ದೇನೆ. ಎಂಜಿನಿಯರ್ ಆದ ಡೆಸ್ಟಿನ್ ಸ್ಯಾಂಡ್ಲಿನ್ 2015ರಲ್ಲಿ ಒಂದು ವಿಡಿಯೋ ಹಾಕಿದ್ದ, ನೋಡಿರಬಹುದು. ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಚಕ್ರ ಬಲಕ್ಕೆ ತಿರುಗುವ ಸೈಕಲ್. ಅದನ್ನು ಕಲಿಯಲು ಅವನಿಗೆ ಎಂಟು ತಿಂಗಳು, ಅವನ ಪುಟ್ಟ ಮಗನಿಗೆ ಎರಡು ವಾರ.

ಈಗ ಮೊದಲು ಹೇಳಿದ ಆ ಬಟನ್‌ಗಳ ಕಥೆಗೆ ಬರೋಣ. 2010ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಹಿಟ್ ಬಾಕ್ಸ್ ಎಂಬ ಪೆಟ್ಟಿಗೆ ಬಂತು. ಅದರಲ್ಲಿ ಕೋಲೇ ಇಲ್ಲ. ಎಡಗೈಯ ಮೂರು ಬೆರಳಿಗೆ ಎಡ, ಕೆಳಗೆ, ಬಲ. ಮೇಲೆ, ಅಂದರೆ ಹಾರುವುದು, ಹೆಬ್ಬೆರಳಿಗೆ. ಕೀಬೋರ್ಡಿನ ಸ್ಪೇಸ್‌ಬಾರ್ ಇರುವ ಕಡೆ ಅನ್ನಿ. ಕೋಲಿನಲ್ಲಿ ಹಿಂದಿನಿಂದ ಮುಂದಕ್ಕೆ ಹೋಗಲು ನಡುವಿನ ದಾರಿ ಸವೆಸಬೇಕು, ಬಟನ್‌ನಲ್ಲಿ ದಾರಿಯೇ ಇಲ್ಲ. 236 ಅಂದರೆ ಕೆಳಗೆ ಒತ್ತು, ಬಲ ಒತ್ತು, ಕೆಳಗಿನದು ಬಿಡು, ಮುಗಿಯಿತು. ಆದರೆ ಇಪ್ಪತ್ತು ವರ್ಷ ಕೋಲು ತಿರುಗಿಸಿದವನಿಗೆ ಹಾರುವುದೇ ಮರೆತುಹೋಗುತ್ತದೆ. ಮಣಿಕಟ್ಟು ಮೇಲಕ್ಕೆ ಎಳೆಯುತ್ತದೆ, ಹೆಬ್ಬೆರಳು ತನಗೆ ಸಂಬಂಧವೇ ಇಲ್ಲದಂತೆ ಮಲಗಿರುತ್ತದೆ. ಕಂಪ್ಯೂಟರಿನಲ್ಲಿ ಕೀಬೋರ್ಡ್ ಹಿಡಿದು ಆಡಿ ಬೆಳೆದ ಹುಡುಗರಿಗೆ ಈ ತೊಂದರೆ ಇರಲಿಲ್ಲ, ಅವರಿಗೆ ಇದು ತವರು.

ಕೋಲು ಒಂದು ವಸ್ತು. ಅದು ಒಂದೇ ಹೊತ್ತಿಗೆ ಎಡಕ್ಕೂ ಬಲಕ್ಕೂ ಇರಲಾರದು. ಬಟನ್‌ಗಳು ಹಾಗಲ್ಲ, ಎರಡನ್ನೂ ಒತ್ತಬಹುದು. ಆಗ ಆಟಕ್ಕೆ ಏನು ಹೇಳಬೇಕು ಎಂದು ಪೆಟ್ಟಿಗೆಯೊಳಗಿನ ಸಾಫ್ಟ್‌ವೇರ್ ತೀರ್ಮಾನಿಸುತ್ತದೆ. ಹಿಟ್ ಬಾಕ್ಸ್‌ನಲ್ಲಿ ಎಡ-ಬಲ ಒಟ್ಟಿಗೆ ಒತ್ತಿದರೆ ಸೊನ್ನೆ, ಕೆಳಗೆ-ಮೇಲೆ ಒಟ್ಟಿಗೆ ಒತ್ತಿದರೆ ಮೇಲೆ. ಈ ಎರಡನೆಯದರಲ್ಲಿ ಒಂದು ಸಿಹಿ ಇತ್ತು. ಗೈಲ್ ಎಂಬ ಪಾತ್ರದ ಲಾಗ ಹೊಡೆದು ಒದೆಯುವ ಹೊಡೆತಕ್ಕೆ ಸ್ವಲ್ಪ ಹೊತ್ತು ಕೆಳಗೆ ಒತ್ತಿ ಹಿಡಿದಿದ್ದು ಆಮೇಲೆ ಮೇಲೆ ಒತ್ತಬೇಕು. ಕೋಲಿನವನು ಕೆಳಗಿನಿಂದ ಹೊರಟು ಮೇಲೆ ಹೋಗಿ ಮತ್ತೆ ಕೆಳಗೆ ಬರಬೇಕು. ಹಿಟ್ ಬಾಕ್ಸಿನವನು 'ಕೆಳಗೆ'ಯನ್ನು ಬಿಡುವುದೇ ಇಲ್ಲ. ಅದನ್ನು ಒತ್ತಿಕೊಂಡೇ ಹೆಬ್ಬೆರಳಿನಿಂದ ಮೇಲಿನದನ್ನು ಒಮ್ಮೆ ತಟ್ಟುತ್ತಾನೆ. ಹೊಡೆತ ಬರುತ್ತದೆ. ಹೆಬ್ಬೆರಳು ಎತ್ತಿದ ಕ್ಷಣದಿಂದಲೇ ಮತ್ತೆ ಕೆಳಗೆ, ಮುಂದಿನ ಹೊಡೆತದ ತಯಾರಿ ಶುರು.

ಇದು ಮೋಸವೇ? ಇದಕ್ಕೆ ನೇರ ಉತ್ತರ ಇಲ್ಲ ಅಂತ ಕಾಣುತ್ತದೆ. ದೈಗೊ 2019ರಲ್ಲಿ, 37ನೇ ವಯಸ್ಸಿನಲ್ಲಿ, ಎರಡು ದಶಕ ಕೋಲು ಹಿಡಿದ ಕೈಯನ್ನು ಇಂಥ ಬಟನ್ ಪೆಟ್ಟಿಗೆಗೆ ಒಗ್ಗಿಸಿಕೊಂಡು ಬಂದಾಗ, ಆತ ಮಾಡಿಸಿಕೊಂಡಿದ್ದ ವಿಶೇಷ ಪೆಟ್ಟಿಗೆಯನ್ನು ಬಳಸುವಂತಿಲ್ಲ ಎಂದು ಆ ಮಾರ್ಚ್‌ನಲ್ಲೇ ಕ್ಯಾಪ್‌ಕಾಮ್ ಹೇಳಿತು. ಪ್ರಪಂಚದ ಅತಿ ಪ್ರಸಿದ್ಧ ಆಟಗಾರ ಒಂದು ಪೆಟ್ಟಿಗೆಗೆ ಕೈ ಹಾಕಿದ ಮೇಲೇ ಎಲ್ಲರಿಗೂ ನಿಯಮದ ಪುಸ್ತಕ ನೆನಪಾದದ್ದು. ಆಮೇಲೆ 2023ರ ಸಾಲು. ಕೆಳಗೆ-ಮೇಲೆ ಒಟ್ಟಿಗೆ ಬಂದರೆ ಸೊನ್ನೆ. ಪೆಟ್ಟಿಗೆ ಮಾಡುವವರು ಹೊಸ ಫರ್ಮ್‌ವೇರ್ ಬಿಟ್ಟರು, ಐದು ನಿಮಿಷದ ಕೆಲಸ. ಆಡುವವರು ಬಿಡಬೇಕಾದದ್ದು ಬೇರೆ. ಮೇಲೆ ಒತ್ತುವ ಮೊದಲು ಕೆಳಗಿನ ಬೆರಳನ್ನು ಎತ್ತಬೇಕು. ಎತ್ತದಿದ್ದರೆ ಸೊನ್ನೆ, ಪಾತ್ರ ಸುಮ್ಮನೆ ಎದ್ದು ನಿಲ್ಲುತ್ತದೆ, ಎದುರಿನವನ ಕಾಲು ಮುಖಕ್ಕೆ ಬರುತ್ತದೆ. ಎತ್ತುವುದು ಒಂದೆರಡು ಫ್ರೇಮಿನ ಮಾತು. ಆದರೆ 'ಎಂದೂ ಬಿಡಬೇಡ' ಎಂದು ಕಲಿಸಿದ್ದ ಬೆರಳಿಗೆ 'ಈಗ ಬಿಡು' ಎಂದು ಕಲಿಸಬೇಕು. ಹೊಸ ಚಲನೆ ಕಲಿಸುವುದಕ್ಕಿಂತ ಇದು ಕಷ್ಟ. ಹೊಸತಾದರೆ ಖಾಲಿ ಹಲಗೆ, ಇಲ್ಲಿ ಹಲಗೆಯ ಮೇಲೆ ಹಳೇ ಬರಹ ಕೆತ್ತಿದೆ.

ನನ್ನ ಅಭಿಪ್ರಾಯ ಕೇಳಿದರೆ, ನಿಯಮದ ತರ್ಕ ಸರಿ, ಕೋಲಿಗೆ ಆಗದ್ದು ಬಟನ್ನಿಗೂ ಆಗಬಾರದು. ಆದರೆ ಅಷ್ಟು ವರ್ಷ ಸುಮ್ಮನಿದ್ದು ಆಮೇಲೆ ಹೇಳಿದ್ದಕ್ಕೆ ಬೆಲೆ ತೆತ್ತವರು ನಿಯಮ ಬರೆದವರಲ್ಲ.

ಅದೇ 2023ರ ಜೂನ್‌ನಲ್ಲಿ ಬಂದ ಸ್ಟ್ರೀಟ್ ಫೈಟರ್ 6 ಇನ್ನೂ ದೊಡ್ಡ ಬಾಂಬ್ ಹಾಕಿತ್ತು. ಅದರಲ್ಲಿ 'ಮಾಡರ್ನ್' ಎಂಬ ಹೊಂದಾಣಿಕೆ ಇದೆ. ಒಂದು ದಿಕ್ಕು, ಒಂದು ಬಟನ್, ಶೋರ್ಯುಕೆನ್ ಹೊರಬಂತು. 623 ತಿರುಗಿಸುವ ಗೋಜೇ ಇಲ್ಲ. ದಂಡವಾಗಿ ಹೊಡೆತದ ಬಲ ಶೇಕಡಾ 20 ಕಡಿಮೆ. ಮೂವತ್ತು ವರ್ಷ ಕಾಲು ಚಕ್ರ ತಿರುಗಿಸಿ ಹೆಬ್ಬೆರಳು ಬೊಬ್ಬೆ ಬರಿಸಿಕೊಂಡವರಿಗೆ ಹೇಗೆ ಅನ್ನಿಸಿರಬೇಡ! ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಪೂರ್ತಿ ಒಪ್ಪಲು ಮನಸ್ಸು ಬರುವುದಿಲ್ಲ. ಕಾರಣ ಬ್ರೋಲಿಲೆಗ್ಸ್ ಎಂಬ ಹೆಸರಿನಲ್ಲಿ ಆಡುತ್ತಿದ್ದ, 2024ರಲ್ಲಿ ತೀರಿಕೊಂಡ ಮೈಕ್ ಬೆಗಮ್. ಹುಟ್ಟಿನಿಂದ ಕೈಕಾಲಿನ ಕೀಲುಗಳು ಸೆಟೆದ ಕಾಯಿಲೆ. ಟೆಕ್ಸಾಸ್‌ನ ಈ ಮನುಷ್ಯ ಸಾಮಾನ್ಯ ಕೈಪೆಟ್ಟಿಗೆಯನ್ನು ಮುಖದ ಹತ್ತಿರ ಇಟ್ಟುಕೊಂಡು ಬಾಯಿ, ಕೆನ್ನೆಗಳಿಂದ ಆಡುತ್ತಿದ್ದ. ಅದರಲ್ಲೇ ಸ್ಟ್ರೀಟ್ ಫೈಟರ್ 4ರ ಆನ್‌ಲೈನ್ ಆಟದಲ್ಲಿ ಚುನ್-ಲೀ ಆಡುವವರ ಪಟ್ಟಿಯ ಮೇಲ್ತುದಿಗೆ ಏರಿದ. ಕಷ್ಟದ ಹೊಂದಾಣಿಕೆಯೇ ಆಟದ ಮರ್ಯಾದೆ ಎನ್ನುವವರು ಕೈ ಎಂದರೆ ಏನು ಎಂಬುದನ್ನು ಮೊದಲು ತೀರ್ಮಾನಿಸಬೇಕಾಗುತ್ತದೆ.

ಪಂದ್ಯಾವಳಿಗಳಲ್ಲಿ ಒಂದು ಸಂಪ್ರದಾಯ ಇದೆ, ಬಟನ್ ಚೆಕ್ ಅಂತ. ಪಂದ್ಯ ಶುರುವಾಗುವ ಮೊದಲು ಇಬ್ಬರೂ ಎದುರು ಬದುರು ಪಾತ್ರಗಳನ್ನು ನಿಲ್ಲಿಸಿ ಒಂದೊಂದೇ ಬಟನ್ ಒತ್ತಿ ನೋಡುತ್ತಾರೆ. ಆಟ ಶುರುವಾದ ಮೇಲೆ 'ಅಯ್ಯೋ, ನನ್ನ ಬಟನ್ ತಪ್ಪಾಗಿದೆ' ಎಂದು ನಿಲ್ಲಿಸಿದರೆ ಆ ಸುತ್ತು ಹೋದ ಹಾಗೇ. ಹತ್ತು ಲಕ್ಷ ಡಾಲರಿನ ಪಂದ್ಯಕ್ಕೂ ಮೊದಲು ಇದು ನಡೆಯುತ್ತದೆ. ಪರದೆಯ ಮೇಲೆ ಇಬ್ಬರು ಜಟ್ಟಿಗಳು, ಯಾರಿಗೂ ತಾಗದಷ್ಟು ದೂರದಲ್ಲಿ ನಿಂತು, ಗಾಳಿಗೆ ಒಂದು ಮೆಲು ಗುದ್ದು, ಒಂದು ನಡುವಿನ ಗುದ್ದು, ಒಂದು ಜೋರು ಗುದ್ದು, ಆಮೇಲೆ ಮೂರು ಒದೆ.